ಒಂಬತ್ತೂವರೆಯ ಬಿಸಿಲು

ದಕ್ಷಿಣ ಸ್ಪೇನಿನ ಮೆಡಿಟರೇನಿಯನ್ ಕರಾವಳಿಗೆ ಮಕ್ಕಳನ್ನು ಕರೆದುಕೊಂಡು ಬಂದು ನೆಲೆಸುವ ಪರದೇಶದ ಕುಟುಂಬಗಳಿಗೆ ಮೊದಲ ಬೇಸಿಗೆಯಲ್ಲಿ ದಿನವೂ ತಪ್ಪದೆ ಎದುರಾಗುವ ಸಣ್ಣ ಕಿರಿಕಿರಿಯೊಂದಿದೆ: ಮಕ್ಕಳು ಮಲಗಲು ಒಪ್ಪುವುದಿಲ್ಲ. ಜೂನ್ ತಿಂಗಳ ಕೊನೆಯಲ್ಲಿ ಮಾಲಗ ನಗರದಲ್ಲಿ ಸೂರ್ಯ ಮುಳುಗುವಾಗ ಗಡಿಯಾರದಲ್ಲಿ ರಾತ್ರಿ ಒಂಬತ್ತು ನಲವತ್ತು ಆಗಿರುತ್ತದೆ. ಕಿಟಕಿಯಾಚೆ ಬಿಸಿಲು ಇನ್ನೂ ಹಳದಿಯಾಗಿ ಹರಡಿಕೊಂಡಿರುವಾಗ ರಾತ್ರಿಯಾಯಿತು ಎನ್ನುವ ಅಪ್ಪ ಅಮ್ಮಂದಿರ ಮಾತನ್ನು ಐದು ವರ್ಷದ ಮಗು ನಂಬುವುದಿಲ್ಲ, ಹಾಗೆ ನಂಬದಿರುವುದಕ್ಕೆ ಅದರ ಬಳಿ ಸಕಾರಣವೂ ಇದೆ. ಗ್ರೀನಿಚ್ ರೇಖೆಗೂ ಪಶ್ಚಿಮಕ್ಕಿರುವ ಈ ಊರಿನ ಗಡಿಯಾರವು ದೂರದ ಪೂರ್ವದ ವಾರ್ಸಾದ ಗಡಿಯಾರದೊಂದಿಗೆ ಹೆಜ್ಜೆ ಹಾಕುತ್ತದೆ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರಕಾರ ದೇಶದ ಸಮಯವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದು ಮತ್ತೆ ಹಿಂದಕ್ಕೆ ಬರಲಿಲ್ಲ, ಅದರ ಮೇಲೆ ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರಿಕೊಳ್ಳುವುದರಿಂದ ಸೂರ್ಯ ನಡುನೆತ್ತಿಗೆ ಬರುವ ಹೊತ್ತಿಗೆ ಗಡಿಯಾರದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ. ಸ್ಪೇನಿನವರು ಹೊತ್ತು ಮೀರಿ ಉಣ್ಣುತ್ತಾರೆಂಬ ಮಾತು ಲೋಕವೆಲ್ಲ ಹಬ್ಬಿದೆ, ಆದರೆ ಅವರ ಎರಡೂವರೆಯ ಊಟ ಸೂರ್ಯನ ಲೆಕ್ಕದಲ್ಲಿ ಸರಿಯಾದ ಮಧ್ಯಾಹ್ನದ ಊಟವೇ. ಗಡಿಯಾರವನ್ನು ಸರಕಾರ ಬದಲಿಸಿತು, ಹಸಿವು ತನ್ನ ಜಾಗದಲ್ಲೇ ಉಳಿಯಿತು.

ಇದಕ್ಕೆ ಪ್ರತಿಯಾಗಿ ಜನವರಿಯ ಮೊದಲ ದಿನಗಳಲ್ಲಿ ಸೂರ್ಯ ಹುಟ್ಟುವಷ್ಟರಲ್ಲಿ ಎಂಟೂವರೆ ಸಮೀಪಿಸಿರುತ್ತದೆ. ಒಂಬತ್ತಕ್ಕೆ ಶಾಲೆ ತೆರೆಯುವ ಊರಿನಲ್ಲಿ ಮಕ್ಕಳು ಅರೆಗತ್ತಲಲ್ಲಿ ಹಲ್ಲುಜ್ಜಿ, ಬೀದಿದೀಪಗಳ ಕೆಳಗೆ ಮನೆಯಿಂದ ಹೊರಟು, ಶಾಲೆಯ ಬಾಗಿಲಲ್ಲಿ ಬೆಳಗನ್ನು ಕಾಣುತ್ತಾರೆ. ಬಿಸಿಲನ್ನು ಹುಡುಕಿಕೊಂಡು ಬಂದವರಿಗೆ ಇದು ಸ್ವಲ್ಪ ವಿಚಿತ್ರವೆನಿಸುವುದು ಸಹಜ.

ಹೊಸಬರು ಎಂಟು ಗಂಟೆಗೆ ಪರದೆ ಎಳೆದು ಕಥೆಪುಸ್ತಕ ತೆರೆದು ಕೂರುವ ಹೊತ್ತಿನಲ್ಲಿ ನೆರೆಯವರು ಮಕ್ಕಳಿಗೆ ಸ್ನಾನ ಮಾಡಿಸಿ, ಒದ್ದೆ ಕೂದಲಿಗೆ ಬಾಚಣಿಗೆ ಹಾಕಿ, ಒಗೆದ ಬಟ್ಟೆ ತೊಡಿಸಿ ಹೊರಗೆ ಕರೆತರುತ್ತಾರೆ. ಅವರು ಹೋಗುವುದು ಪ್ಲಾಸಾಕ್ಕೆ, ಎಂದರೆ ಮನೆಗಳ ನಡುವೆ ಬಯಲಾಗಿ ಬಿಟ್ಟ, ನಾಲ್ಕಾರು ಮರಗಳೂ ಕಲ್ಲಿನ ಬೆಂಚುಗಳೂ ಇರುವ ಊರ ಚೌಕಕ್ಕೆ. ಅಲ್ಲಿ ರಾತ್ರಿ ಹತ್ತರ ಹೊತ್ತಿಗೆ ಮೂರು ವರ್ಷದ ಮಗುವೂ ಹನ್ನೆರಡರ ಹುಡುಗನೂ ಒಂದೇ ಚೆಂಡಿನ ಹಿಂದೆ ಓಡುತ್ತಿರುತ್ತಾರೆ, ತಳ್ಳುಗಾಡಿಯಲ್ಲಿ ಕೂಸು ನಿದ್ದೆ ಹೋಗಿರುತ್ತದೆ, ಅಜ್ಜಿಯರು ಬೆಂಚಿನ ಮೇಲೆ ಸಾಲಾಗಿ ಕುಳಿತು ಬೀಸಣಿಗೆ ಆಡಿಸುತ್ತ ತಮ್ಮ ಮೊಮ್ಮಕ್ಕಳ ಮೇಲೂ ಪರರ ಮೊಮ್ಮಕ್ಕಳ ಮೇಲೂ ಒಂದೇ ಕಣ್ಣಿಟ್ಟಿರುತ್ತಾರೆ. ಬಿದ್ದು ಮೊಣಕಾಲು ತರಚಿಕೊಂಡ ಮಗುವನ್ನು ಎತ್ತಲು ಅದರ ತಾಯಿಯೇ ಬರಬೇಕೆಂಬ ನಿಯಮ ಅಲ್ಲಿಲ್ಲ. ಹತ್ತಿರದ ಹೋಟೆಲಿನ ಮೇಜುಗಳು ಚೌಕದೊಳಗೇ ಚಾಚಿಕೊಂಡಿರುವುದರಿಂದ ಹಿರಿಯರ ಊಟವೂ ಕಿರಿಯರ ಆಟವೂ ಒಂದೇ ಬೆಳಕಿನಲ್ಲಿ ನಡೆಯುತ್ತವೆ. ಬಾಲ್ಕನಿಯಲ್ಲಿ ನಿಂತು ಇದನ್ನು ನೋಡುವ ಪರದೇಶಿ ಕುಟುಂಬವು ಮೊದಲು ಗದ್ದಲಕ್ಕೆ ಬೇಸರಪಟ್ಟು, ಆಮೇಲೆ ಕುತೂಹಲಗೊಂಡು, ಕೊನೆಗೊಂದು ದಿನ ಮಗುವಿಗೆ ಚಪ್ಪಲಿ ಹಾಕಿಸಿ ಮೆಟ್ಟಿಲಿಳಿಯುತ್ತದೆ. ವಲಸೆ ಆ ದಿನ ಆರಂಭವಾಗುತ್ತದೆ ಎಂದರೆ ತಪ್ಪಾಗದು. ವಿಮಾನದಿಂದ ಇಳಿದ ದಿನ ಬರೀ ಪ್ರಯಾಣದ ಲೆಕ್ಕಕ್ಕೆ ಸೇರಿದ್ದು.

ಮಾಲಗ ಪ್ರಾಂತದ ಈ ಕಡಲಂಚಿಗೆ ಪ್ರವಾಸೋದ್ಯಮ ಕೊಟ್ಟ ಹೆಸರು ಕೋಸ್ಟಾ ದೆಲ್ ಸೋಲ್, ಅಂದರೆ ಸೂರ್ಯನ ಕರಾವಳಿ. ಪೂರ್ವದ ನೆರ್ಹಾದಿಂದ ಪಶ್ಚಿಮದ ಮನಿಲ್ವಾದವರೆಗೆ ಬೆಟ್ಟಸಾಲು ಬೆನ್ನಿಗಿದ್ದು, ಉತ್ತರದ ಶೀತಗಾಳಿಯನ್ನು ತಡೆಯುತ್ತದೆ; ಇಲ್ಲಿ ವರ್ಷದ ಬಹುಪಾಲು ದಿನ ಆಕಾಶ ತಿಳಿಯಾಗಿರುತ್ತದೆ. ಆದರೆ ಸೂರ್ಯನ ಹೆಸರು ಹೊತ್ತ ಈ ನೆಲದ ಹಳೆಯ ಊರುಗಳನ್ನು ಗಮನವಿಟ್ಟು ನೋಡಿದರೆ ಅವನ್ನೆಲ್ಲ ಸೂರ್ಯನಿಂದ ತಪ್ಪಿಸಿಕೊಳ್ಳಲೆಂದೇ ಕಟ್ಟಿರುವುದು ತಿಳಿಯುತ್ತದೆ. ಓಣಿಗಳು ಎರಡು ಕತ್ತೆ ಎದುರುಬದುರಾದರೆ ದಾರಿ ಸಾಲದಷ್ಟು ಇಕ್ಕಟ್ಟಾಗಿದ್ದು ಒಂದು ಮನೆಯ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಗೋಡೆಗಳಿಗೆ ವರ್ಷವರ್ಷವೂ ಸುಣ್ಣ ಬಳಿಯುತ್ತಾರೆ. ಕಿಟಕಿಯ ಹೊರಮೈಗೆ ಪೆರ್ಸಿಯಾನಾ ಎಂಬ ಪಟ್ಟಿಗಳ ತೆರೆ ಇದ್ದು ಅದನ್ನು ಮಧ್ಯಾಹ್ನ ಪೂರ್ತಿ ಇಳಿಸಿದರೆ ಕೋಣೆ ಕತ್ತಲಾಗಿ ತಂಪಾಗುತ್ತದೆ. ಒಳನಾಡಿನ ಬೆಟ್ಟಗಳಿಂದ ತೆರ್ರಾಲ್ ಎಂಬ ಒಣ ಬಿಸಿಗಾಳಿ ಇಳಿದು ಬರುವ ದಿನಗಳಲ್ಲಿ ಊರಿನ ಹಿರಿಯರು ಬೆಳಗ್ಗೆಯೇ ಗಾಳಿಯ ದಿಕ್ಕು ನೋಡಿ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ, ಗಾಳಿ ಬರಲೆಂದು ಎಲ್ಲವನ್ನೂ ತೆರೆದಿಟ್ಟ ಹೊಸಬರ ಮನೆ ಸಂಜೆಯೊಳಗೆ ಒಲೆಯಾಗುತ್ತದೆ. ಮಕ್ಕಳಿಗೆ ಮಧ್ಯಾಹ್ನದ ಸಮುದ್ರಸ್ನಾನವನ್ನು ಅಲ್ಲಿಯ ತಾಯಂದಿರು ಮಾಡಿಸುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಆರರ ಮೇಲೆ, ಅದೂ ಟೋಪಿ ಹಾಕಿ; ನಡುಹೊತ್ತಿನಲ್ಲಿ ಮರಳ ಮೇಲೆ ಮಲಗಿ ಕೆಂಪಗಾಗುವವರು ದೂರದೇಶದವರೇ.

ಚಳಿಗಾಲದ ವಿಷಯವನ್ನು ಹೊರಡುವ ಮುನ್ನ ಯಾರೂ ಹೇಳುವುದಿಲ್ಲ. ಬೇಸಿಗೆಗಾಗಿ ಕಟ್ಟಿದ, ನೆಲಕ್ಕೆ ಟೈಲ್ಸ್ ಹಾಸಿದ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಬಹುತೇಕ ಇರುವುದಿಲ್ಲವಾದ್ದರಿಂದ ಜನವರಿಯ ಮಧ್ಯಾಹ್ನ ಬೀದಿಗಿಂತ ಮನೆಯೊಳಗೇ ಹೆಚ್ಚು ಚಳಿ ಇರುತ್ತದೆ, ಫಿನ್ಲೆಂಡಿನಿಂದ ಬಂದವರೂ ಇಲ್ಲಿ ಮನೆಯೊಳಗೆ ಸ್ವೆಟರ್ ಹಾಕಿಕೊಳ್ಳುವಂತಾಗುತ್ತದೆ. ಇದಕ್ಕೆ ಮಾಲಗವೂ ಸೇರಿದ ಆಂಡಲೂಸಿಯಾ ಪ್ರದೇಶದ ಮನೆಗಳು ಕಂಡುಕೊಂಡ ಉಪಾಯವೇ ಮೆಸಾ ಕಮಿಯಾ: ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿದ ಒಂದು ಗುಂಡು ಮೇಜು, ಅದರಡಿಯಲ್ಲಿ ಹಿಂದೆ ಕೆಂಡದ ಬಟ್ಟಲು, ಈಗ ಕರೆಂಟಿನ ಹೀಟರು. ಮನೆಯವರೆಲ್ಲ ಬಟ್ಟೆಯನ್ನು ಮಡಿಲಿಗೆಳೆದುಕೊಂಡು ಅದರೊಳಗೆ ಕಾಲು ಚಾಚಿ ಕುಳಿತುಕೊಳ್ಳುತ್ತಾರೆ. ಮಕ್ಕಳ ಮನೆಪಾಠವೂ ಹಿರಿಯರ ಹರಟೆಯೂ ಅಲ್ಲೇ. ಪ್ರತ್ಯೇಕ ಕೋಣೆಗಳಿಗೆ ಚದುರಿಹೋಗುವ ಕುಟುಂಬವನ್ನು ಚಳಿ ಒಂದು ಮೇಜಿನ ಸುತ್ತ ಕೂರಿಸುವ ಈ ಏರ್ಪಾಡನ್ನು ಬಾಡಿಗೆಮನೆಯ ಮೂಲೆಯಲ್ಲಿ ಕಂಡು ಹಳೆಯ ಸಾಮಾನೆಂದು ಹೊರಗೆ ಹಾಕಿಸುವವರು ನಿಜವಾಗಿಯೂ ನಷ್ಟ ಮಾಡಿಕೊಳ್ಳುತ್ತಾರೆ.

ಕನ್ನಡ ಕರಾವಳಿಯನ್ನು ಬಲ್ಲವರಿಗೆ ಇಲ್ಲಿಯ ಋತುಮಾನ ತಲೆಕೆಳಗಾಗಿ ಕಾಣುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ ಮಾಲಗದಲ್ಲಿ ಬೀಳುವುದು ಸುಮಾರು 500 ಮಿ.ಮೀ., ಅದೂ ಬಹುಪಾಲು ಚಳಿಗಾಲದಲ್ಲಿ. ಕುಂದಾಪುರದ ಮಗು ಹೊಸ ಕೊಡೆ ಹಿಡಿದು ಶಾಲೆಗೆ ಹೊರಡುವ ಜೂನ್ ತಿಂಗಳಲ್ಲೇ ಮಾಲಗದ ಮಗು ಪಾಟಿಚೀಲ ಮೂಲೆಗಿಟ್ಟು ಹನ್ನೊಂದು ವಾರಗಳ ರಜೆಗೆ ಇಳಿಯುತ್ತದೆ. ನೀರಿನ ಚಿಂತೆ ಮಕ್ಕಳಿಗೂ ತಿಳಿದಿದೆ: 2024ರ ಆರಂಭದಲ್ಲಿ ಪ್ರಾಂತದ ದೊಡ್ಡ ಜಲಾಶಯವಾದ ಲಾ ವಿನ್ಯುಎಲಾ ತನ್ನ ಸಾಮರ್ಥ್ಯದ ಶೇ. 8ರ ಆಸುಪಾಸಿಗೆ ಇಳಿದಿತ್ತು, ಬರದ ಆ ವರ್ಷಗಳಲ್ಲಿ ಕಡಲತೀರದ ಸ್ನಾನದ ನಲ್ಲಿಗಳನ್ನು ಮುಚ್ಚಲಾಗಿತ್ತು. ಆ ಜಲಾಶಯದ ನೀರು ಹರಿಯುವುದು ಆಕ್ಸಾರ್ಕಿಯಾ ಎಂಬ ಪೂರ್ವಭಾಗದ ಇಳಿಜಾರು ತೋಟಗಳಿಗೆ, ಆ ತೋಟಗಳಲ್ಲಿ ಬೆಳೆಯುವುದು ಬೆಣ್ಣೆಹಣ್ಣು ಮತ್ತು ಮಾವು. ಸೆಪ್ಟೆಂಬರಿನಲ್ಲಿ ಕೊಯ್ಯುವ ಆ ಮಾವಿಗೆ ಬಾದಾಮಿಯ ಪರಿಮಳವಿಲ್ಲ, ರಸಪುರಿಯ ರಸವೂ ಇಲ್ಲ. ಆದರೂ ಪರನಾಡಿನ ಮಾರುಕಟ್ಟೆಯಲ್ಲಿ ಅಲ್ಲಿಯೇ ಬೆಳೆದ ಮಾವಿನಹಣ್ಣು ಕಂಡಾಗ ಕನ್ನಡ ಕುಟುಂಬವೊಂದು ಕೆಜಿಗಟ್ಟಲೆ ಕೊಂಡುಕೊಳ್ಳದೆ ಇರಲಾರದು.

ಸರಕಾರದ ಕಣ್ಣಿಗೆ ಕುಟುಂಬ ಕಾಣಿಸಿಕೊಳ್ಳುವುದು ಪದ್ರೋನ್‌ನಲ್ಲಿ. ಊರಿನ ಪುರಸಭೆ ಇಟ್ಟುಕೊಳ್ಳುವ ನಿವಾಸಿಗಳ ಪಟ್ಟಿಗೆ ಆ ಹೆಸರು. ಅದರಲ್ಲಿ ದಾಖಲಾದ ಮನೆಯ ವಿಳಾಸವೇ ಮಗುವಿನ ಶಾಲೆಯನ್ನೂ ಆರೋಗ್ಯಕೇಂದ್ರವನ್ನೂ ನಿರ್ಧರಿಸುತ್ತದೆ. ಅಲ್ಲಿಯ ಅರ್ಜಿಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಕುಲನಾಮಗಳ ಜಾಗ ಇರುತ್ತದೆ, ಒಂದು ತಂದೆಯದು, ಇನ್ನೊಂದು ತಾಯಿಯದು; ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್‌ಗಳಲ್ಲಿ ಹೊತ್ತ ಕನ್ನಡದ ಮಗು ಆ ಖಾಲಿ ಜಾಗಗಳ ಮುಂದೆ ನಿಂತಾಗ ಗುಮಾಸ್ತರೂ ತಂದೆತಾಯಿಗಳೂ ಸ್ವಲ್ಪ ಹೊತ್ತು ಮಾತಾಡಿಕೊಳ್ಳಬೇಕಾಗುತ್ತದೆ. ಮಕ್ಕಳ ವೈದ್ಯರು ಸರಕಾರಿ ಆರೋಗ್ಯಕೇಂದ್ರದಲ್ಲೇ ಇದ್ದು 14 ವರ್ಷದವರೆಗೆ ನೋಡಿಕೊಳ್ಳುತ್ತಾರೆ. ಕಾಗದಪತ್ರದ ಉಳಿದ ದಾರಿ ಉದ್ದವಾದರೂ ಸವೆಯುತ್ತದೆ.

ಶಾಲೆಯ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ಸ್ಪೇನಿನಲ್ಲಿ 6ರಿಂದ 16 ವರ್ಷದವರೆಗೆ ಶಿಕ್ಷಣ ಕಡ್ಡಾಯ, 3ರಿಂದ 6ರವರೆಗಿನ ಶಿಶುಶಾಲೆ ಕಡ್ಡಾಯವಲ್ಲದಿದ್ದರೂ ಉಚಿತ. ಮಗು ಯಾವ ತಿಂಗಳು ಹುಟ್ಟಿತೆಂದು ನೋಡದೆ ಜನವರಿಯಿಂದ ಡಿಸೆಂಬರಿನೊಳಗೆ ಹುಟ್ಟಿದವರನ್ನೆಲ್ಲ ಒಂದೇ ತರಗತಿಗೆ ಸೇರಿಸುತ್ತಾರೆ. ಪಠ್ಯಪುಸ್ತಕಗಳನ್ನು ಆಂಡಲೂಸಿಯಾ ಸರಕಾರ ಎರವಲು ಕೊಡುತ್ತದೆ, ಒಂದು ಮಗುವಿನ ಪುಸ್ತಕ ಮುಂದಿನ ವರ್ಷ ಇನ್ನೊಂದು ಮಗುವಿಗೆ ಹೋಗುವುದರಿಂದ ಅವಕ್ಕೆ ಜತನದಿಂದ ಪಾರದರ್ಶಕ ಹೊದಿಕೆ ಹಾಕುವುದು ಸೆಪ್ಟೆಂಬರಿನ ಮನೆಗೆಲಸ. ಇಷ್ಟೆಲ್ಲ ಇದ್ದರೂ ಕರಾವಳಿಯುದ್ದಕ್ಕೂ ಇಂಗ್ಲಿಷ್ ಪಠ್ಯಕ್ರಮದ ಖಾಸಗಿ ಶಾಲೆಗಳು ಸಾಲಾಗಿವೆ, ಫ್ವೆನ್‌ಹಿರೋಲಾ ಎಂಬ ಊರಿನಲ್ಲಿ ಫಿನ್ನಿಷ್ ಶಾಲೆಯೇ ಇದೆ. ಎರಡು ವರ್ಷದ ಮಟ್ಟಿಗೆ ಬಂದು ಹಿಂದಿರುಗುವವರಿಗೆ ಅವು ಬೇಕು, ಅದರಲ್ಲಿ ತಪ್ಪೇನಿಲ್ಲ. ನೆಲೆಸಲೆಂದೇ ಬಂದವರು ಚಿಕ್ಕ ಮಕ್ಕಳನ್ನು ಅಲ್ಲಿಗೆ ಕಳಿಸಿದಾಗ ಮಾತ್ರ ಮಗುವಿನ ಗೆಳೆಯರೆಲ್ಲ ಕಾರಿನಲ್ಲಿ ಅರ್ಧ ಗಂಟೆ ದೂರದಲ್ಲಿರುತ್ತಾರೆ, ಕಿಟಕಿಯ ಕೆಳಗಿನ ಚೌಕದಲ್ಲಿ ಆಡುವ ಒಬ್ಬರ ಹೆಸರೂ ಅದಕ್ಕೆ ಗೊತ್ತಿರುವುದಿಲ್ಲ.

ಊರಿನ ಶಾಲೆಗೆ ಸೇರಿದ ಮಗು ಮೊದಲು ಮೌನವಾಗುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ತರಗತಿಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕೂರುವುದನ್ನು ಕೇಳಿ ತಂದೆತಾಯಿ ನಿದ್ದೆಗೆಡುತ್ತಾರೆ. ಆದರೆ ಹೊಸ ಭಾಷೆಯೊಳಗೆ ಇಳಿದ ಮಕ್ಕಳು ಹೀಗೆ ಕೇಳಿಸಿಕೊಳ್ಳುತ್ತಲೇ ಕಾಲ ಕಳೆಯುವುದು ಶಿಕ್ಷಕರಿಗೆ ಚೆನ್ನಾಗಿ ತಿಳಿದ ಸಂಗತಿ. ಆಂಡಲೂಸಿಯಾದಲ್ಲಿ ಇಂಥ ಮಕ್ಕಳಿಗಾಗಿ ಅತಾಲ್ ಎಂದು ಕರೆಯುವ ಭಾಷಾ ಹೊಂದಾಣಿಕೆಯ ತರಗತಿಗಳಿದ್ದು, ಶಿಕ್ಷಕರು ವಾರದಲ್ಲಿ ಕೆಲವು ಗಂಟೆ ಮಗುವನ್ನು ಬೇರೆ ಕೂರಿಸಿ ಸ್ಪ್ಯಾನಿಷ್ ಹೇಳಿಕೊಟ್ಟು ಮತ್ತೆ ಎಲ್ಲರ ಜೊತೆ ಸೇರಿಸುತ್ತಾರೆ. ಮೌನ ಮುರಿಯುವುದು ಸಾಮಾನ್ಯವಾಗಿ ತರಗತಿಯಲ್ಲಲ್ಲ, ಚೆಂಡಿನ ಹಿಂದೆ ಓಡುವಾಗ. ಹದಿಮೂರು ಹದಿನಾಲ್ಕರ ಮಕ್ಕಳ ಪಾಡು ಬೇರೆ. ಅವರಿಗೆ ಬಿಟ್ಟು ಬಂದ ಗೆಳೆಯರಿದ್ದಾರೆ, ಅಭಿಮಾನವಿದೆ, 12ರಿಂದ 16ರವರೆಗಿನ ಪ್ರೌಢಶಾಲೆಯಲ್ಲಿ ಇತಿಹಾಸವನ್ನೂ ಜೀವಶಾಸ್ತ್ರವನ್ನೂ ತಿಳಿಯದ ಭಾಷೆಯಲ್ಲಿ ಬರೆದು ತೇರ್ಗಡೆಯಾಗುವ ಭಾರವಿದೆ. ಆ ವಯಸ್ಸಿನ ಮಗುವನ್ನು ಒಪ್ಪಿಗೆ ಕೇಳದೆ ಸಮುದ್ರದ ಆಸೆ ತೋರಿಸಿ ಕರೆತರುವುದು ನ್ಯಾಯವಲ್ಲ.

ಮಕ್ಕಳು ಊರನ್ನು ಒಳಗಿನಿಂದ ಹಿಡಿದುಕೊಳ್ಳುವುದು ಹಬ್ಬಗಳಲ್ಲಿ ಮತ್ತು ಸಣ್ಣ ಸಣ್ಣ ರೂಢಿಗಳಲ್ಲಿ. ಹಾಲುಹಲ್ಲು ಬಿದ್ದರೆ ಅದನ್ನು ಹಂಚಿನ ಮಾಡಿನ ಮೇಲೆ ಎಸೆಯುವ ರೂಢಿ ಕನ್ನಡ ನಾಡಿನಲ್ಲಿದ್ದರೆ, ಸ್ಪೇನಿನಲ್ಲಿ ಆ ಹಲ್ಲು ದಿಂಬಿನಡಿಗೆ ಹೋಗುತ್ತದೆ, ರಾತ್ರಿ ಪೆರೆಸ್ ಎಂಬ ಇಲಿ ಬಂದು ಅದನ್ನು ಒಯ್ದು ನಾಣ್ಯವನ್ನೋ ಸಣ್ಣ ಉಡುಗೊರೆಯನ್ನೋ ಇಡುತ್ತದೆ. 1894ರ ಸುಮಾರಿಗೆ ಬಾಲಕ ರಾಜ ಹದಿಮೂರನೆಯ ಅಲ್ಫೋನ್ಸೋನ ಹಲ್ಲು ಬಿದ್ದಾಗ ಲೂಯಿಸ್ ಕೊಲೋಮಾ ಎಂಬ ಪಾದ್ರಿ ಬರೆದ ಕಥೆಯಿಂದ ಈ ಇಲಿಗೆ ವಂಶವೂ ಮನೆಯೂ ದೊರೆತವು: ಅದು ಹೆಂಡತಿ ಮಕ್ಕಳೊಡನೆ ಮ್ಯಾಡ್ರಿಡ್‌ನ ಅಂಗಡಿಯೊಂದರ ಬಿಸ್ಕತ್ತಿನ ಡಬ್ಬಿಯಲ್ಲಿ ವಾಸಿಸುತ್ತದೆ. ಉಡುಗೊರೆಯ ದೊಡ್ಡ ದಿನ ಜನವರಿ 6. ಹಿಂದಿನ ಸಂಜೆ ಕ್ರಿಸ್ತನ ಜನನದ ಕಥೆಯ ಮೂವರು ಅರಸರು ಮೆರವಣಿಗೆಯಲ್ಲಿ ಬಂದು ಬೀದಿಯ ಇಕ್ಕೆಲದಲ್ಲಿ ನಿಂತ ಮಕ್ಕಳತ್ತ ಮಿಠಾಯಿ ತೂರುತ್ತಾರೆ. ಜೂನ್ 23ರ ರಾತ್ರಿ ಕಡಲತೀರದಲ್ಲಿ ಬೆಂಕಿ ಹಾಕಿ ನಡುರಾತ್ರಿಗೆ ಅಲೆಗಳಲ್ಲಿ ಮುಖ ತೊಳೆಯುವ ಹಬ್ಬದಲ್ಲಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುವವರಿಲ್ಲ.

ಬೇಸಿಗೆಯ ಸಂಜೆ ಮಾಲಗದ ಬೀದಿಯಲ್ಲಿ ಬಿಳಿ ಅಂಗಿ, ಕೆಂಪು ಸೊಂಟಪಟ್ಟಿಯ ಮಾರಾಟಗಾರ ಪಾಪಾಸುಕಳ್ಳಿಯ ದಪ್ಪ ಎಲೆಗೆ ಚುಚ್ಚಿಕೊಂಡು ತರುವ ಬಿಸ್ನಾಗಾಗಳನ್ನು ಕಂಡರೆ ಉಡುಪಿ ಸೀಮೆಯವರ ಕಾಲು ತಾನಾಗಿ ನಿಲ್ಲುತ್ತದೆ. ಒಣಗಿಸಿದ ಕಾಡುಗಿಡದ ಹೂತಲೆಯ ಒಂದೊಂದು ಕಡ್ಡಿಗೂ ಬಿರಿಯದ ಮಲ್ಲಿಗೆ ಮೊಗ್ಗನ್ನು ಕೈಯಿಂದ ಸಿಕ್ಕಿಸಿ ಮಾಡುವ ಈ ಗುಚ್ಛ ಕತ್ತಲಾಗುತ್ತಿದ್ದಂತೆ ಒಟ್ಟಿಗೆ ಅರಳಿ ಪರಿಮಳ ಬಿಡುತ್ತದೆ. ಶಂಕರಪುರದಲ್ಲಿ ಬೆಳಗಿನ ಜಾವ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಕೈಗಳ ಅವಸರವನ್ನೂ ನಯವನ್ನೂ ಬಲ್ಲವರಿಗೆ ಈ ಕೆಲಸದ ಬೆಲೆ ಕೂಡಲೇ ತಿಳಿಯುತ್ತದೆ. ಇನ್ನೊಂದು ಪರಿಚಿತ ರುಚಿ ಬೆಟ್ಟದ ಮೇಲಿನ ಫ್ರಿಹಿಲಿಯಾನಾ ಊರಿನಲ್ಲಿ ಕಾದಿದೆ. ಅಲ್ಲಿಯ ಹಳೆಯ ಗಾಣದಮನೆಯಲ್ಲಿ ತಯಾರಾಗುವ, ಕಬ್ಬಿನ ಜೇನು ಎಂದು ಅವರು ಕರೆಯುವ ಕಪ್ಪು ಪಾಕವು ಮಲೆನಾಡಿನ ಜೋನಿಬೆಲ್ಲದ ಬಂಧು; ಅದನ್ನು ಕರಿದ ಬದನೆಹೋಳುಗಳ ಮೇಲೆ ಸುರಿದು ಕೊಡುತ್ತಾರೆ. ಭಾರತದ ಕಡೆಯಿಂದ ಅರಬರ ಕೈಹಿಡಿದು ಪಶ್ಚಿಮಕ್ಕೆ ನಡೆದ ಕಬ್ಬು ಈ ಕರಾವಳಿಯಲ್ಲಿ ಶತಮಾನಗಳ ಕಾಲ ಬೆಳೆಯಿತು.

ಅದೇ ಕಬ್ಬು ಈ ಊರಿನ ಮಕ್ಕಳನ್ನು ಪರದೇಶಕ್ಕೂ ಒಯ್ದಿತು. 1878ರಲ್ಲಿ ಮಾಲಗದ ದ್ರಾಕ್ಷಿತೋಟಗಳಿಗೆ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟ ತಗುಲಿ ಬಳ್ಳಿಗಳೆಲ್ಲ ಒಣಗಿ, ಬೆಟ್ಟದ ಒಕ್ಕಲುಗಳು ಬರಿಗೈಯಾದವು. 1907ರ ಮಾರ್ಚಿನಲ್ಲಿ ಹೀಲಿಯೋಪೊಲಿಸ್ ಎಂಬ ಹಡಗು ಮಾಲಗದ ಬಂದರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡು ಹವಾಯಿಯ ಕಬ್ಬಿನ ತೋಟಗಳಿಗೆ ಹೊರಟಿತು. ತೋಟದ ಮಾಲೀಕರಿಗೆ ಸಂಸಾರಸ್ಥರು ಬೇಕಾಗಿದ್ದರಿಂದ ಹೋದವರಲ್ಲಿ ಮಕ್ಕಳೇ ಬಹಳ. ಬಿಸಿಲಿರುವ ಇನ್ನೊಂದು ಕಡಲತೀರಕ್ಕೆ ಮಕ್ಕಳೊಂದಿಗೆ ಹೊರಟ ಆ ತಂದೆತಾಯಿಗಳು ಏಪ್ರಿಲ್ ಕೊನೆಯಲ್ಲಿ ಹೊನೊಲುಲು ತಲುಪಿದರು. 1937ರ ಫೆಬ್ರವರಿಯಲ್ಲಿ ಅಂತರ್ಯುದ್ಧದ ನಡುವೆ ಮಾಲಗ ಫ್ರಾಂಕೋ ಪಡೆಗಳ ಕೈಸೇರಿದಾಗ ಲಕ್ಷದಷ್ಟು ಜನ ಸುಮಾರು 200 ಕಿ.ಮೀ. ದೂರದ ಅಲ್ಮೇರಿಯಾದತ್ತ ಕಡಲಂಚಿನ ಹೆದ್ದಾರಿಯಲ್ಲಿ ನಡೆದೇ ಹೊರಟರು, ಸಮುದ್ರದಿಂದ ಯುದ್ಧನೌಕೆಗಳೂ ಆಕಾಶದಿಂದ ವಿಮಾನಗಳೂ ಅವರ ಮೇಲೆ ಗುಂಡಿನ ಮಳೆಗರೆದವು. ಕೆನಡಾದ ವೈದ್ಯ ನಾರ್ಮನ್ ಬೆಥೂನ್ ರಕ್ತ ಸಾಗಿಸಲೆಂದು ತಂದ ತಮ್ಮ ಗಾಡಿಯನ್ನು ಖಾಲಿ ಮಾಡಿ ಮಕ್ಕಳನ್ನು ಹತ್ತಿಸಿಕೊಂಡು ಹಗಲು ರಾತ್ರಿ ಸಾಗಿಸಿದರು. ಇಂದು ಮಕ್ಕಳು ಈಜುಚಡ್ಡಿ ತೊಟ್ಟು ದಾಟುವ ರಸ್ತೆ ಅದೇ. ಮುಂದೆ 1960ರ ದಶಕದಲ್ಲಿ ಆಂಡಲೂಸಿಯಾದ ದುಡಿಯುವ ಜನ ಬಾರ್ಸಿಲೋನಾಕ್ಕೆ, ಜರ್ಮನಿಗೆ, ಸ್ವಿಟ್ಜರ್ಲೆಂಡಿಗೆ ರೈಲು ಹತ್ತಿದರು. ಋತುಮಾನದ ಕೂಲಿಗಳು ಸಂಸಾರ ತರುವಂತಿಲ್ಲವೆಂಬುದು ಆಗಿನ ಸ್ವಿಸ್ ಕಾನೂನಾಗಿದ್ದರಿಂದ ಎಷ್ಟೋ ಮಕ್ಕಳು ಅಜ್ಜಅಜ್ಜಿಯರ ಬಳಿ ಉಳಿದು, ಅಪ್ಪನನ್ನು ವರ್ಷಕ್ಕೊಮ್ಮೆ ಕಂಡು ಬೆಳೆದರು. ಇಂದು ಚೌಕದ ಬೆಂಚಿನ ಮೇಲೆ ಕುಳಿತಿರುವ ಅಜ್ಜಿಯರು ಆ ತಲೆಮಾರಿನವರು. ಪರರ ಮಗುವನ್ನೂ ತಮ್ಮದರಂತೆ ನೋಡುವ ಅವರ ರೂಢಿಯ ಹಿಂದೆ ಇಂಥ ಬಾಲ್ಯಗಳೂ ಇವೆ.

ಈ ಅಜ್ಜಿಯರ ಮಕ್ಕಳಿಗೆ ಈಗ ಅದೇ ಊರಿನಲ್ಲಿ ಮನೆ ಸಿಗುವುದು ಕಷ್ಟವಾಗಿದೆ. ಸೆಪ್ಟೆಂಬರಿನಿಂದ ಜೂನ್‌ವರೆಗೆ ಮಾತ್ರ ಬಾಡಿಗೆ ಎಂಬ ಕರಾರು ಇಲ್ಲಿ ಸಾಮಾನ್ಯ. ಜುಲೈ, ಆಗಸ್ಟ್ ತಿಂಗಳಲ್ಲಿ ಪ್ರವಾಸಿಗರಿಂದ ವಾರದ ಲೆಕ್ಕದಲ್ಲಿ ಹೆಚ್ಚು ಹಣ ಬರುವುದರಿಂದ ಶಾಲಾಶಿಕ್ಷಕರೂ ದಾದಿಯರೂ ಬೇಸಿಗೆ ಬಂತೆಂದರೆ ಗಂಟುಮೂಟೆ ಕಟ್ಟಬೇಕಾಗುತ್ತದೆ. 2024ರ ಜೂನ್‌ನಲ್ಲಿ ಮಾಲಗದ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಮನೆಯ ಹಕ್ಕು ಕೇಳಿದರು. ಹೊರಗಿನಿಂದ ಬಂದ ಕುಟುಂಬ ಬಾಡಿಗೆ ಕೊಡುವ ಮನೆ ಬೇರೊಂದು ಕುಟುಂಬ ಬಿಟ್ಟುಹೋದ ಮನೆಯಾಗಿರಬಹುದು. ಇದು ಬಂದವರ ಅಪರಾಧವಲ್ಲ, ಆದರೆ ಅವರು ತಿಳಿದಿರಬೇಕಾದ ಸತ್ಯ. ತಿಳಿದವರು ಊರಿಗೆ ತಮ್ಮಿಂದಾಗುವುದನ್ನು ಕೊಡುತ್ತಾರೆ: ವರ್ಷಪೂರ್ತಿ ಅಲ್ಲೇ ಇರುತ್ತಾರೆ, ಓಣಿಯ ಅಂಗಡಿಯಲ್ಲಿ ಕೊಳ್ಳುತ್ತಾರೆ, ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಊರ ಶಾಲೆಗೆ ಸೇರಿಸಿ ಅಲ್ಲಿಯ ಪೋಷಕರ ಸಭೆಗೆ ಮುರುಕು ಭಾಷೆಯಲ್ಲಾದರೂ ಹೋಗುತ್ತಾರೆ.

1992ರಲ್ಲಿ ಆರಂಭವಾದ ಮಾಲಗದ ತಂತ್ರಜ್ಞಾನ ಪಾರ್ಕು ಬೆಳೆದಿರುವುದರಿಂದಲೂ, ದೂರದ ಕಂಪನಿಗೆ ಮನೆಯಿಂದಲೇ ದುಡಿಯುವವರಿಗೆ ವಾಸದ ಪರವಾನಗಿ ಕೊಡುವ ಕಾನೂನು 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದಿರುವುದರಿಂದಲೂ ಇಲ್ಲಿ ಬಂದು ನೆಲೆಸುವ ದಾರಿ ಬೆಂಗಳೂರಿನ ಸಾಫ್ಟ್‌ವೇರ್ ಕುಟುಂಬಗಳಿಗೂ ತೆರೆದಿದೆ. ಹಾಗೆ ಹೊರಡುವ ಕನ್ನಡಿಗರಲ್ಲಿ ಒಂದು ವಿನಂತಿ. ಮನೆ ಗೊತ್ತುಮಾಡುವ ಮುನ್ನ ಆ ಬಡಾವಣೆಗೆ ವಾರದ ಸಾಮಾನ್ಯ ದಿನವೊಂದರಲ್ಲಿ, ರಾತ್ರಿ ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಹೋಗಿ ಚೌಕದಲ್ಲಿ ಮಕ್ಕಳಿದ್ದಾರೆಯೇ ಎಂದು ನೋಡಿ. ಇದ್ದರೆ ಅವರು ಯಾವ ಶಾಲೆಗೆ ಹೋಗುತ್ತಾರೆಂದು ಬೆಂಚಿನ ಮೇಲಿರುವ ಯಾರನ್ನಾದರೂ ಕೇಳಿ, ಮನೆಯನ್ನು ಆ ಶಾಲೆಯ ಸುತ್ತ ಹುಡುಕಿ. ಸಮುದ್ರ ಕಾಣುವ ಬಾಲ್ಕನಿಗೆ ಅವಸರವಿಲ್ಲ, ಅದು ಮುಂದೆಂದಾದರೂ ಸಿಕ್ಕೀತು. ಆಂಡಲೂಸಿಯಾದಲ್ಲಿ ಮುಂದಿನ ವರ್ಷದ ಶಾಲೆಗೆ ಅರ್ಜಿ ತೆಗೆದುಕೊಳ್ಳುವುದು ಮಾರ್ಚ್ ತಿಂಗಳಲ್ಲಿ, ತಡವಾಗಿ ಬಂದವರಿಗೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಶಾಲೆ.